ಮೂಡಣ ನ್ಯೂಯಾರ್ಕಿನ ಸೂರ್ಯೋದಯ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಈಸ್ಟ್ ನ್ಯೂಯಾರ್ಕ್ ಎಂಬ ಬಡಜನರ ವಸತಿಯೊಂದುಂಟು. ಆ ಕೇರಿಯ ತರುಣ ಜೆರೂ ದ ಡಮಾಜಾ 1994ರ ಮೇ ತಿಂಗಳಿನಲ್ಲಿ ತನ್ನ ಪ್ರಥಮ ರ‍್ಯಾಪ್ ಆಲ್ಬಮನ್ನು ಲೋಕದ ಮುಂದಿರಿಸಿದಾಗ, ಅದರ ಪ್ರತಿಯೊಂದು ಹಾಡಿನ ವಾದ್ಯಭಾಗದ ಹಿಂದೆಯೂ ಇದ್ದುದು ಡಿ.ಜೆ. ಪ್ರೀಮಿಯರ್ ಎಂಬ ಒಬ್ಬನೇ ಪ್ರೊಡ್ಯೂಸರನ ಕೈ. ಸೂರ್ಯನು ಪೂರ್ವದಲ್ಲಿ ಉದಯಿಸುವನೆಂಬ ಅರ್ಥದ ‘ದಿ ಸನ್ ರೈಸಸ್ ಇನ್ ದಿ ಈಸ್ಟ್’ ಎಂಬ ಅದರ ಹೆಸರು ಆ ಕೇರಿಯನ್ನೂ ಸೂಚಿಸುತ್ತದೆ. ಪಶ್ಚಿಮ ತೀರದ ಲಾಸ್ ಏಂಜಲೀಸಿನ ರ‍್ಯಾಪ್ ದೇಶವನ್ನೆಲ್ಲ ಆವರಿಸಿದ್ದ ಆ ದಿನಗಳಲ್ಲಿ ಪೂರ್ವ ತೀರದ ಸ್ವಾಭಿಮಾನವನ್ನೂ ಧ್ವನಿಸುತ್ತದೆ.

ಪ್ರೊಡ್ಯೂಸರನೆಂದರೆ ಇಲ್ಲಿ ಹಣ ಹೂಡುವ ನಿರ್ಮಾಪಕನಲ್ಲ. ಯಕ್ಷಗಾನದಲ್ಲಿ ಮದ್ದಳೆಗಾರನು ಭಾಗವತರ ಉಸಿರನ್ನರಿತು ನುಡಿಸುವಂತೆ, ರ‍್ಯಾಪರನ ಮಾತಿನ ನಡೆಯನ್ನರಿತು ಅದಕ್ಕೆ ಬೀಟು ಕಟ್ಟಿಕೊಡುವವನೇ ಅವನು. ಈ ವೃತ್ತಿಯ ಮೂಲವನ್ನು ಅರಸಹೊರಟರೆ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂವಿನ ಕಟ್ಟಡವೊಂದರಲ್ಲಿ ಕೂಲ್ ಹರ್ಕ್ ಎಂಬ ಡಿ.ಜೆ. ನಡೆಸಿದ ನೃತ್ಯಕೂಟದವರೆಗೂ ಹೋಗಬೇಕಾಗುತ್ತದೆ. ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಕುಣಿಯುವವರಿಗೆ ಪ್ರಿಯವಾದ ಡ್ರಮ್ಮಿನ ತುಣುಕನ್ನು ಮರಳಿ ಮರಳಿ ನುಡಿಸಿ ಅದನ್ನು ದೀರ್ಘಗೊಳಿಸುವ ಉಪಾಯವನ್ನು ಕಂಡುಕೊಂಡವನು ಅವನೇ. ಮುಂದೆ ಧ್ವನಿಮುದ್ರಣದ ತುಣುಕನ್ನು ಹಿಡಿದು ಬೇಕಾದಂತೆ ಮರಳಿ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಬಂದು ಆ ಕೈಚಳಕವನ್ನು ಸ್ಮೃತಿಯಲ್ಲಿ ಹಿಡಿದಿಟ್ಟವು. ಆದರೆ ಅನುಮತಿಯಿಲ್ಲದೆ ಪರರ ಧ್ವನಿಮುದ್ರಣವನ್ನು ಬಳಸುವುದು ಕಳವೆಂದು 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ತೀರ್ಪಿತ್ತಮೇಲೆ, ಹತ್ತಾರು ಹಾಡುಗಳನ್ನು ನಿರ್ಬಾಧವಾಗಿ ಹೆಣೆಯುತ್ತಿದ್ದ ಪದ್ಧತಿಯು ದುಬಾರಿಯಾಯಿತು.

ಪ್ರೀಮಿಯರನ ಪ್ರತಿಭೆ ಬೆಳಗಿದುದು ಇಂತಹ ಕಾಲದಲ್ಲಿ. ಟೆಕ್ಸಸ್ಸಿನಿಂದ ನ್ಯೂಯಾರ್ಕಿಗೆ ಬಂದು, ಬಾಸ್ಟನ್ನಿನ ಗುರು ಎಂಬ ರ‍್ಯಾಪರನೊಡನೆ ಗ್ಯಾಂಗ್ ಸ್ಟಾರ್ ಎಂಬ ಜೋಡಿಯಾಗಿ ಹೆಸರು ಗಳಿಸಿದ್ದ ಆತನು, ಹಳೆಯ ತಟ್ಟೆಗಳಿಂದ ಎಳ್ಳಿನಷ್ಟು ಚಿಕ್ಕ ನಾದಕಣಗಳನ್ನು ಆಯ್ದು, ಕತ್ತರಿಸಿ, ಅವುಗಳ ಮೂಲದ ಗುರುತೇ ಸಿಗದಂತೆ ಮರಳಿ ಜೋಡಿಸುವುದರಲ್ಲಿ ನಿಷ್ಣಾತನಾಗಿದ್ದನು. ಆ ಜೋಡಿಯ 1992ರ ಆಲ್ಬಮಿನಲ್ಲಿ ಮೊದಲು ಕೇಳಿಬಂದ ಜೆರೂವಿನ ಕಂಠಕ್ಕಾಗಿ, ಮರುವರ್ಷ ‘ಕಮ್ ಕ್ಲೀನ್’ ಎಂಬ ಹಾಡನ್ನು ಕಟ್ಟಿದನು. ಜಾಝ್ ಡ್ರಮ್ ವಾದಕ ಶೆಲ್ಲಿ ಮ್ಯಾನನ ಮುದ್ರಿಕೆಯೊಂದರಿಂದ ಆಯ್ದ, ಗುಹೆಯೊಳಗೆ ನೀರು ತೊಟ್ಟಿಕ್ಕಿದಂತಹ ನಾದ. ಅದರ ಅಡಿಯಲ್ಲಿ ಡ್ರಮ್ಮಿನ ಭಾರವಾದ ಪೆಟ್ಟು. ಹೆಚ್ಚುಕಡಮೆ ಇಷ್ಟೇ. ಮಾಧುರ್ಯದ ಲವಲೇಶವೂ ಇಲ್ಲದ ಆ ಬರಿದಾದ ಭಿತ್ತಿಯ ಮೇಲೆ ಜೆರೂವಿನ ಅವಸರವರಿಯದ ಗಂಭೀರ ವಾಣಿಯು ಕಲ್ಲಿನಲ್ಲಿ ಕೊರೆದ ಅಕ್ಷರದಂತೆ ನಿಲ್ಲುತ್ತದೆ. ನವಶಿಷ್ಯನ ದನಿಗೆ ಎಲ್ಲಿಯೂ ಅಡ್ಡಬಾರದ ಈ ಸಂಯಮವನ್ನೇ ನಾನು ಪ್ರೀಮಿಯರನ ಪರಮ ಕೌಶಲವೆಂದು ಎಣಿಸುತ್ತೇನೆ.

ಮ್ಯಾನ್‌ಹಟನ್ನಿನ 37ನೆಯ ಬೀದಿಯ ಡಿ ಅಂಡ್ ಡಿ ಸ್ಟುಡಿಯೋದಲ್ಲಿ ಸಿದ್ಧವಾದ ಜೆರೂವಿನ ಈ ಪ್ರಥಮ ಆಲ್ಬಮಿನಲ್ಲಿ ‘ಯೂ ಕಾಂಟ್ ಸ್ಟಾಪ್ ದ ಪ್ರಾಫೆಟ್’ ವಿಶೇಷ ಗಮನಕ್ಕೆ ಅರ್ಹವಾದುದು. ಅಲ್ಲಿ ಪ್ರವಾದಿಯೊಬ್ಬನು ಅಜ್ಞಾನವನ್ನೂ ಅದರ ಬಂಟರಾದ ದ್ವೇಷ, ಅಸೂಯೆ, ಕ್ರೋಧಗಳನ್ನೂ ಬೀದಿಯಲ್ಲಿ ಎದುರಿಸುತ್ತಾನೆ; ಪ್ರಬೋಧಚಂದ್ರೋದಯದಂತಹ ರೂಪಕನಾಟಕಗಳನ್ನು ಬಲ್ಲ ನಮಗೆ ಅವನ ಯುದ್ಧ ಅಪರಿಚಿತವೆನಿಸದು. ಹೆಂಗಸರನ್ನು ಕುರಿತ ಒಂದು ಹಾಡಿನಲ್ಲಿ ಮಾತ್ರ ಇದೇ ಪ್ರವಾದಿಯು ವಿವೇಕ ತಪ್ಪಿ ನುಡಿದಿದ್ದಾನೆ. ಆ ಕಲೆಯನ್ನು ಕಾಲವೂ ತೊಳೆದಿಲ್ಲ.

1994 ಆ ನಗರದ ರ‍್ಯಾಪಿಗೆ ಸುಗ್ಗಿಯ ವರ್ಷ. ಏಪ್ರಿಲ್‌ನಲ್ಲಿ ನಾಸ್‌ನ ‘ಇಲ್‌ಮ್ಯಾಟಿಕ್’, ಸೆಪ್ಟೆಂಬರಿನಲ್ಲಿ ನಟೋರಿಯಸ್ ಬಿ.ಐ.ಜಿ.ಯ ‘ರೆಡಿ ಟು ಡೈ’, ಎರಡೂ ಚೊಚ್ಚಲ ಆಲ್ಬಮುಗಳೇ. ಎರಡರಲ್ಲಿಯೂ ಪ್ರೀಮಿಯರನ ಕೈಯುಂಟು. ಆದರೆ ಅವುಗಳಲ್ಲಿ ಅವನು ಅನೇಕರಲ್ಲಿ ಒಬ್ಬನು. ಆದುದರಿಂದಲೇ ಕೀರ್ತಿಯಲ್ಲಿ ಅವೆರಡಕ್ಕಿಂತ ಹಿಂದುಳಿದರೂ, ಆದಿಯಿಂದ ಅಂತ್ಯದವರೆಗೆ ಒಂದೇ ಹವೆ ಬೀಸುವ ಏಕಾಗ್ರತೆಯಲ್ಲಿ ಜೆರೂವಿನ ಕೃತಿಗೆ ಸಮನಾದುದು ಅವುಗಳಲ್ಲಿ ಇಲ್ಲವೆಂದು ನಾನು ಭಾವಿಸುತ್ತೇನೆ. 1996ರಲ್ಲಿ ಜೆರೂ ಮತ್ತು ಪ್ರೀಮಿಯರ್ ಇಬ್ಬರೂ ಕೂಡಿ ಇನ್ನೊಂದು ಆಲ್ಬಮನ್ನು ಮಾಡಿ ಬೇರೆಯಾದರು. 1999ರಲ್ಲಿ ಜೆರೂವಿನ ಮೂರನೆಯ ಆಲ್ಬಂ ಬಂದಾಗ ಅದರಲ್ಲಿ ಪ್ರೀಮಿಯರನಿರಲಿಲ್ಲ.