ಊರಾಚೆಯ ಬಿಡಾರ

ಕನ್ನಡದಲ್ಲಿ ‘ಬೀಡು’ ಎಂಬ ಹಳೆಯ ಮಾತೊಂದಿದೆ. ಬಿಡು ಎಂಬ ಧಾತುವಿನಿಂದ ಬಂದದ್ದು. ಎತ್ತಿನ ಬೆನ್ನಿನ ಹೇರನ್ನು ಇಳಿಸಿ, ಕೊರಳಿನ ನೊಗವನ್ನು ಬಿಟ್ಟು ನಿಂತ ಜಾಗವೇ ಬೀಡು. ಅದರ ಬಳಗದ್ದೇ ಬಿಡಾರ. ಚಾಳುಕ್ಯ ಅರಸರ ಶಾಸನಗಳಲ್ಲಿ ‘ನೆಲೆವೀಡು’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಅರಸನು ದಂಡಿನೊಡನೆ ಎಲ್ಲಿ ತಂಗಿರುವನೋ ಅಲ್ಲಿಂದಲೇ ರಾಜ್ಯಭಾರ ನಡೆಯುತ್ತಿತ್ತು. ಹಳೇಬೀಡಿನ ಹೆಸರಿನಲ್ಲಿಯೂ ಈ ಮಾತು ಉಳಿದುಕೊಂಡಿದೆ. ಇಂದು ನಾವು ಬಹು ಶಾಶ್ವತವೆಂದು ಭಾವಿಸುವ ಎಷ್ಟೋ ಊರುಗಳು ಒಂದು ಕಾಲಕ್ಕೆ ಡೇರೆ ಹೊಡೆದ ಬಯಲುಗಳಾಗಿದ್ದವು.

ಈಚಿನ ವರ್ಷಗಳಲ್ಲಿ ಗಾಲಿಯ ಮೇಲೆ ಮನೆ ಕಟ್ಟಿಕೊಂಡು ತಿರುಗುವ ಹವ್ಯಾಸ ನಮ್ಮಲ್ಲಿಯೂ ಕಾಣಿಸಿಕೊಂಡಿದೆ. ವ್ಯಾನಿನೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ. ಮಾಡಿನ ಮೇಲೆ ಸೌರ ಫಲಕ. ವಿದ್ಯುತ್ ಕಂಬ, ನಲ್ಲಿ, ಲಾಡ್ಜುಗಳ ಹಂಗಿಲ್ಲದೆ ಜನರಿಲ್ಲದ ಕಡೆ ನಾಲ್ಕು ದಿನ ಇದ್ದು ಬರುವುದು. ಅಮೆರಿಕೆಯಲ್ಲಿ ಇದನ್ನು ‘ಬೂನ್‌ಡಾಕಿಂಗ್’ ಎನ್ನುತ್ತಾರೆ. ವಿಚಿತ್ರವೆಂದರೆ ಆ ಪದ ಇಂಗ್ಲಿಷಿನದಲ್ಲ. ಫಿಲಿಪ್ಪೀನ್ಸಿನ ತಗಾಲೋಗ್ ಭಾಷೆಯಲ್ಲಿ ‘ಬುಂದೋಕ್’ ಎಂದರೆ ಬೆಟ್ಟ. ಅಲ್ಲಿಗೆ ಹೋಗಿದ್ದ ಅಮೆರಿಕದ ಸೈನಿಕರು ಅದನ್ನು ತಮ್ಮ ಮಾತಿಗೆ ಸೇರಿಸಿಕೊಂಡರು. ಇಂಥ ಪ್ರವಾಸಿಗಳನ್ನು ಕಾಡುವ ಮೊದಲ ಪ್ರಶ್ನೆ: ತಂಗುವ ಜಾಗವನ್ನು ಹುಡುಕುವುದು ಹೇಗೆ? ಇದು ಹೊಸ ಪ್ರಶ್ನೆಯೇನೂ ಅಲ್ಲ. ಸೊರಬ, ಶಿಕಾರಿಪುರ ಸೀಮೆಯ ದಾರಿಗಳಲ್ಲಿ ಹೇರೆತ್ತುಗಳನ್ನು ಹೊಡೆದುಕೊಂಡು ಹೋದವರಿಗೆ ಇದು ದಿನದಿನದ ಪ್ರಶ್ನೆಯಾಗಿತ್ತು.

ಆನವಟ್ಟಿಯ ಬಳಿಯ ಕುಬಟೂರನ್ನೇ ತೆಗೆದುಕೊಳ್ಳೋಣ. ಶಾಸನಗಳಲ್ಲಿ ಇದರ ಹೆಸರು ಕುಪ್ಪಟೂರು. ಕದಂಬ ಅರಸ ಕೀರ್ತಿದೇವನ ಪಟ್ಟದರಸಿ ಮಾಳಲದೇವಿ 1077ರಲ್ಲಿ ಇಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದಳು. ಊರಿನ ಬ್ರಾಹ್ಮಣರು ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರು. ಸುಮಾರು 1100ರ ಹೊತ್ತಿಗೆ ಎದ್ದ ಕೈಟಭೇಶ್ವರ ದೇವಾಲಯ ಇಂದಿಗೂ ನೋಡುವವರನ್ನು ನಿಲ್ಲಿಸುತ್ತದೆ. ಸುತ್ತಮುತ್ತ ಬನವಾಸಿ, ಬಳ್ಳಿಗಾವೆ, ಬಂದಳಿಕೆ, ತಾಳಗುಂದಗಳಿವೆ. ದಾರಿಹೋಕರಿಗೆ ಈ ಸೀಮೆಯಲ್ಲಿ ಆಸರೆಯೂ ಇತ್ತು. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನ, ಅಲ್ಲಿ ದೀನರಿಗೂ ಅಂಗವಿಕಲರಿಗೂ ದೇಶಾಂತರಿಗಳಿಗೂ ಅನ್ನ ದೊರೆಯುತ್ತಿದ್ದುದನ್ನು, ರೋಗಿಗಳಿಗೆ ಔಷಧ ಸಿಗುತ್ತಿದ್ದುದನ್ನು ವಿವರವಾಗಿ ಹೇಳುತ್ತದೆ.

ಆದರೆ ಮಠದ ಬಾಗಿಲಿಗೆ ಬರುವವನು ಒಬ್ಬಂಟಿ ಯಾತ್ರಿಕ. ಸಾವಿರ ಎತ್ತುಗಳನ್ನು ಕರೆತಂದವನು ಎಲ್ಲಿಗೆ ಹೋಗಬೇಕು? ಶಾಸನ ಹಾಕಿಸಿದವರು ನೆಲೆ ನಿಂತವರು. ಹಾದುಹೋದವರು ಬಿಟ್ಟುಹೋದದ್ದು ಒಲೆಯ ಬೂದಿಯನ್ನು ಮಾತ್ರ. ಚರಿತ್ರೆಯನ್ನು ಕಲ್ಲಿನಲ್ಲಿಯೇ ಓದುವ ನಮ್ಮ ಅಭ್ಯಾಸದಿಂದ ಅವರು ಕಣ್ಮರೆಯಾಗುತ್ತಾರೆ. ಅವರನ್ನು ಕಾಣಬೇಕಾದರೆ ಪ್ರವಾಸಿಗಳ ದಿನಚರಿಗಳ ಕಡೆಗೆ, ಸೈನ್ಯದ ಕಾಗದಪತ್ರಗಳ ಕಡೆಗೆ ತಿರುಗಬೇಕು.

ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ 1632ರಲ್ಲಿ ಆಗ್ರಾದಿಂದ ಪಾಟ್ನಾಕ್ಕೆ ಹೋಗುವಾಗ ಒಂದು ಬಂಜಾರ ತಾಂಡವನ್ನು ಎದುರುಗೊಂಡ. ಅದರಲ್ಲಿ ಧಾನ್ಯ ಹೇರಿಕೊಂಡ 14,000 ಎತ್ತುಗಳಿದ್ದವೆಂದು ಬರೆದಿದ್ದಾನೆ. ಹೆಂಡಿರು ಮಕ್ಕಳು, ಸಂಸಾರದ ಸಾಮಾನು ಎಲ್ಲವೂ ಜೊತೆಗೆ. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ಫ್ರಾನ್ಸಿನ ತಾವೆರ್ನಿಯೆ ಕೂಡ ಅದೇ ಶತಮಾನದಲ್ಲಿ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡಿದ್ದಾನೆ. ಎದುರಿಗೆ ಸಿಕ್ಕಿದರೆ ದಾರಿ ತೆರವಾಗುವುದಕ್ಕೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ! ನಮ್ಮ ಲಂಬಾಣಿಗರು ಈ ಬಂಜಾರರೇ. ಕೊರಚರೂ ಉಪ್ಪು, ದವಸಗಳನ್ನು ಹೇರಿಕೊಂಡು ಸುತ್ತುತ್ತಿದ್ದರು.

ಘಟ್ಟದ ಮೇಲಿನ ನಾಡಿಗೆ ಉಪ್ಪು ಕರಾವಳಿಯಿಂದಲೇ ಬರಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳಿವೆ. ಅಲ್ಲಿಂದ ಘಟ್ಟ ಹತ್ತಿ, ಶಿರಸಿ, ಬನವಾಸಿ ದಾಟಿ ಆನವಟ್ಟಿಗೆ ಇಂದಿನ ರಸ್ತೆಯಲ್ಲಿ ಹೆಚ್ಚು ಕಡಿಮೆ 120 ಕಿಲೋಮೀಟರು. ಮಂಡಿ ಹೇಳಿದ ನಡಿಗೆಯಲ್ಲಿ ಲೆಕ್ಕ ಹಾಕಿದರೆ ಹನ್ನೊಂದು ಹನ್ನೆರಡು ದಿನಗಳ ದಾರಿ. ಅಂದರೆ ಅಷ್ಟೇ ಬೀಡುಗಳು, ಪ್ರತಿದಿನವೂ ಒಂದು ಹೊಸ ಜಾಗ.

ಜಾಗವನ್ನು ಆರಿಸುವುದು ತಾಂಡದ ನಾಯಕನ ಹೊಣೆ. ಮೊದಲು ನೋಡಬೇಕಾದದ್ದು ನೀರು. ಊರ ಕುಡಿಯುವ ಬಾವಿಯನ್ನು ದನಕ್ಕೆ ಮುಟ್ಟುವಂತಿಲ್ಲ. ಕೆರೆಯ ಹಿನ್ನೀರಿನ ಅಂಚೋ ಹಳ್ಳದ ಮಡುವೋ ಬೇಕು. ಎರಡನೆಯದು ಹುಲ್ಲು. ಈ ಎತ್ತುಗಳಿಗೆ ಕಟ್ಟಿಹಾಕಿ ಮೇವು ಹಾಕುತ್ತಿರಲಿಲ್ಲ. ದಾರಿಯುದ್ದಕ್ಕೂ ಮೇಯುತ್ತ ಸಾಗುವ ಕಾರಣದಿಂದಲೇ ಸಾಗಣೆ ಅಗ್ಗವಾಗಿತ್ತು, ನಡಿಗೆ ಅಷ್ಟು ನಿಧಾನವಾಗಿತ್ತು. ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳೆಯಿಂದ ದೂರ. ಸೊರಬದ ಸೀಮೆ ಗದ್ದೆಯ ಸೀಮೆ. ಹೊಡೆ ಬಿಚ್ಚಿದ ಭತ್ತದೊಳಗೆ ಒಂದು ರಾತ್ರಿ ನೂರು ಎತ್ತು ನುಗ್ಗಿದರೆ ಊರಿನ ವರ್ಷದ ಅನ್ನ ಹೋಯಿತು. ಆದ್ದರಿಂದ ಅವರು ಊರಿನಿಂದ ದೂರ ತಂಗಿದ್ದು ಏಕಾಂತದ ಆಸೆಯಿಂದಲ್ಲ. ಊರಿನವರೊಡನೆ ಜಗಳವಿಲ್ಲದೆ ಬಾಳುವುದಕ್ಕೆ. ಮುಂದಿನ ವರ್ಷವೂ ಇದೇ ದಾರಿಯಲ್ಲಿ ಬರಬೇಕು, ಇದೇ ಜನಕ್ಕೆ ಉಪ್ಪು ಮಾರಬೇಕು.

ಸಂಜೆಗೆ ಹೇರಿಳಿಸಿದ ಮೇಲೆ ಚೀಲಗಳನ್ನು ಸುತ್ತಲೂ ಒಟ್ಟಿ ಗೋಡೆಯಂತೆ ಮಾಡುತ್ತಿದ್ದರು. ಒಳಗೆ ದನ, ಹೆಂಗಸರು, ಮಕ್ಕಳು. ಹೊರಗೆ ಕಾವಲಿಗೆ ನಾಯಿಗಳು. ಮಾರುವ ಸರಕೇ ರಾತ್ರಿ ಕೋಟೆಯಾಗುತ್ತಿತ್ತು! ಮಳೆಗಾಲದಲ್ಲಿ ಮಾತ್ರ ನಡೆಯುವಂತಿರಲಿಲ್ಲ. ನೆನೆದರೆ ಉಪ್ಪು ಕರಗುತ್ತದೆ, ಕೆಸರಿನಲ್ಲಿ ಎತ್ತು ಹೂಳುತ್ತದೆ. ಆಗ ನೀರು ನಿಲ್ಲದ ದಿಣ್ಣೆಯ ಮೇಲೆ, ಹುಲ್ಲುಗಾವಲಿನ ಮಗ್ಗುಲಲ್ಲಿ ತಿಂಗಳುಗಟ್ಟಲೆ ಬಿಡಾರ. ಇಂದು ಬಯಲುಸೀಮೆಯ ಕುರುಬರು ಕೊಯ್ಲಾದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ರೈತನಿಂದ ಕಾಳನ್ನೋ ಹಣವನ್ನೋ ಪಡೆಯುವುದನ್ನು ನೀವು ನೋಡಿರಬಹುದು. ತಂಗುವವನಿಗೂ ನೆಲದ ಒಡೆಯನಿಗೂ ಇರುವ ಕೊಡುಕೊಳೆಯನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸೈನ್ಯಗಳಿಗೂ ಇವರು ಬೇಕಾಗಿದ್ದರು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘನು ಈ ಸೀಮೆಯಲ್ಲಿ ದಂಡು ಕೂಡಿಸಿದ. 1799ರ ಆಗಸ್ಟಿನಲ್ಲಿ ಶಿಕಾರಿಪುರದಲ್ಲಿ ಸೋತು ಉತ್ತರಕ್ಕೆ ಓಡಿಹೋದ. ಮರುವರ್ಷ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರನ್ನು ಹಿಡಿದು ಅವನನ್ನು ಬೆನ್ನಟ್ಟಿದಾಗ, ಸುರಿವ ಮಳೆಯಲ್ಲಿ ಆ ದಂಡಿಗೆ ಅಕ್ಕಿ ಹೊತ್ತವು ಬಂಜಾರರ ಎತ್ತುಗಳು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಧೋಂಡಿಯ ಮಡಿದ.

ಇಷ್ಟು ಬೇಕಾಗಿದ್ದವರು ನೂರು ವರ್ಷ ಕಳೆಯುವುದರೊಳಗೆ ಬೇಡವಾದರು. ಘಟ್ಟಗಳಲ್ಲಿ ಗಾಡಿ ರಸ್ತೆಗಳಾದವು. ಉಪ್ಪು ಸರ್ಕಾರದ ತೆರಿಗೆಗೂ ಹತೋಟಿಗೂ ಸಿಕ್ಕಿತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಿತು. 1900ರಲ್ಲಿ ಮೈಸೂರು ಅರಣ್ಯ ಕಾಯಿದೆ ಜಾರಿಗೆ ಬಂದಿತು. ಬನವಾಸಿಯನ್ನು ಒಳಗೊಂಡ ಉತ್ತರ ಕನ್ನಡವಾದರೋ 1862ರಿಂದ ಬೊಂಬಾಯಿ ಪ್ರಾಂತದಲ್ಲಿತ್ತು, ಅಲ್ಲಿಯ ಕಾಡಿಗೆ ಬೇರೆಯ ಕಾನೂನು. ಒಂದೇ ದಾರಿಯಲ್ಲಿ ಎರಡು ಸರ್ಕಾರಗಳ ಗಡಿ. ಹುಲ್ಲು ಮೇಯಿಸಿದ್ದಕ್ಕೆ, ಸೌದೆ ಆಯ್ದದ್ದಕ್ಕೆ ಅಪ್ಪಣೆ ಬೇಕಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿದ ಈ ಕಾನೂನು ಮುಂದೆ 1911ರಲ್ಲಿ ದಕ್ಷಿಣಕ್ಕೂ ಹಬ್ಬಿತು. ಒಂದು ಸಮುದಾಯದಲ್ಲಿ ಹುಟ್ಟಿದ್ದೇ ಅಪರಾಧವಾಯಿತು. ಕೊರಚರು, ಲಂಬಾಣಿಗರ ಕೆಲವು ಗುಂಪುಗಳು ಪಟ್ಟಿಗೆ ಸೇರಿದವು. ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಕೇಳದೆ ಜಾಗ ಬಿಡಬಾರದು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ‘ಸೆಟ್ಲ್‌ಮೆಂಟು’ಗಳು ಹುಟ್ಟಿದವು, ಹುಬ್ಬಳ್ಳಿಯಲ್ಲಿ ಇಂದಿಗೂ ಒಂದು ಬಡಾವಣೆಗೆ ಅದೇ ಹೆಸರು. ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನೂ ನೋಡಿ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾ ವೈದ್ಯ 1885ರಲ್ಲಿ ಸೊಗಸಾದ ಕುದುರೆ ಬಂಡಿಯೊಂದನ್ನು ಮಾಡಿಸಿ, ‘ವಾಂಡರರ್’ ಎಂದು ಹೆಸರಿಟ್ಟು, ಗಾಡಿಯಾಳು ಮತ್ತು ಸೇವಕನೊಡನೆ 1,300 ಮೈಲಿ ತಿರುಗಿದ. ವಿಹಾರಕ್ಕಾಗಿ ಮನೆಬಂಡಿಯಲ್ಲಿ ಸುತ್ತುವ ಹವ್ಯಾಸಕ್ಕೆ ಅವನನ್ನೇ ಮೂಲಪುರುಷನೆನ್ನುತ್ತಾರೆ. ಅದೇ ವರ್ಷಗಳಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಮುಂದೆ, ಜಿಪ್ಸಿಗಳ ಮನೆಬಂಡಿಗಳನ್ನೆಲ್ಲ ನೋಂದಾಯಿಸಿ ತಪಾಸಣೆಗೆ ಒಳಪಡಿಸಬೇಕೆಂಬ ಮಸೂದೆ ಮತ್ತೆ ಮತ್ತೆ ಬಂದಿತು. ಅದು ಕಾನೂನಾಗಲಿಲ್ಲ ಎಂಬುದು ಬೇರೆ ಮಾತು. ಬಂಡಿ ಒಂದೇ ಬಗೆಯದು. ಒಳಗಿದ್ದವನು ಯಾರೆಂಬುದರ ಮೇಲೆ ಅದು ವಿಹಾರವೋ ಅಪರಾಧವೋ ಎಂಬ ತೀರ್ಮಾನ.

ನಮ್ಮಲ್ಲಿ ಎತ್ತುಗಳನ್ನು ಮಾರಿದ ಲಂಬಾಣಿಗರು ಕೃಷಿಗೆ, ಕೂಲಿಗೆ, ಸೌದೆ ಮಾರಾಟಕ್ಕೆ ಇಳಿದರು. ನಿಂತಲ್ಲಿಯೇ ಊರಾಯಿತು. ನಡೆಯುವ ಸಾಲಿಗೆ ಇದ್ದ ‘ತಾಂಡ’ ಎಂಬ ಹೆಸರು ನಿಂತ ಊರಿಗೂ ಉಳಿಯಿತು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಇಂಥ ತಾಂಡಗಳಿವೆ. ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪ ಇಲ್ಲಿಗೆ ದೂರವಲ್ಲ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿ ಜನಸಾಗರ ಸೇರುತ್ತದೆ. ಆದರೆ ಬೀಡಿಗೆಂದು ಆರಿಸಿದ ಜಾಗಕ್ಕೆ ದಾಖಲೆ ಇರುವುದಿಲ್ಲ. ಕಂದಾಯದ ಪುಸ್ತಕದಲ್ಲಿ ಅದು ಗೋಮಾಳ, ಅರಣ್ಯ, ಇಲ್ಲವೆ ಬೇರೊಬ್ಬರ ಹಿಡುವಳಿ. ಮೂರು ನಾಲ್ಕು ತಲೆಮಾರು ಬಾಳಿದ ಮನೆಗೂ ಪತ್ರವಿಲ್ಲ, ಪತ್ರವಿಲ್ಲದೆ ಸಾಲವಿಲ್ಲ. ತಾಂಡಗಳನ್ನು ಕಂದಾಯ ಗ್ರಾಮಗಳೆಂದು ಗುರುತಿಸುವ ಕೆಲಸ ತೀರ ಈಚಿನದು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಯಿತು.

ಇನ್ನೊಂದೆಡೆ ಗಾಲಿಮನೆಯ ಪ್ರವಾಸಕ್ಕೆ ಸರ್ಕಾರಗಳ ಪ್ರೋತ್ಸಾಹ ದೊರೆತಿದೆ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ 2008ರಲ್ಲಿಯೇ ಇದಕ್ಕೊಂದು ನೀತಿ ರೂಪಿಸಿತು. ಕೇರಳ 2021ರಲ್ಲಿ ತನ್ನದೇ ಯೋಜನೆ ತಂದಿತು. ಅಮೆರಿಕೆಯ ಸಾರ್ವಜನಿಕ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನ ತಂಗಬಹುದು, ನಂತರ ಜಾಗ ಬದಲಿಸಬೇಕು. ನಮ್ಮಲ್ಲಿ ಅಂಥ ಬಯಲು ಸುಲಭವಾಗಿ ಸಿಗುವುದಿಲ್ಲ. ಖಾಲಿ ಕಂಡದ್ದೆಲ್ಲ ಯಾರದೋ ಗೋಮಾಳ, ಯಾವುದೋ ಕೆರೆಯಂಗಳ. ಕಾಡಿನಲ್ಲಿ ರಾತ್ರಿ ಉಳಿಯಲು ಇಲಾಖೆಯ ಅಪ್ಪಣೆ ಬೇಕು.

ಕುಬಟೂರಿಗೆ ಹೋದಾಗ ಕೈಟಭೇಶ್ವರನ ಗುಡಿಯನ್ನು ನೋಡಿದ ಮೇಲೆ ಸುತ್ತಲಿನ ತಾಂಡಗಳಲ್ಲಿ ಒಂದಕ್ಕೆ ಹೋಗಿ ಹಿರಿಯರ ಬಳಿ ಕುಳಿತುಕೊಳ್ಳಿ. ಈ ಜಾಗವನ್ನು ಮೊದಲು ಕಂಡವರು ಯಾರು, ಏನು ನೋಡಿ ಒಪ್ಪಿದರು, ಆಗ ನೀರು ಎಲ್ಲಿಂದ ತರುತ್ತಿದ್ದರು, ಮನೆಯ ಪತ್ರ ಯಾವಾಗ ಬಂತು ಅಥವಾ ಇನ್ನೂ ಬಂದಿಲ್ಲವೇ ಎಂದು ಕೇಳಿ, ಅವರು ಹೇಳಿದ್ದನ್ನು ತಾರೀಖು ಹಾಕಿ ಬರೆದುಕೊಳ್ಳಿ.