ಜಪಾನಿ ಪದಗಳ ಕಲಿಕೆ, ಕಂಪ್ಯೂಟರಿನಲ್ಲಿ ಜಪಾನಿ ಬರಹ

ಜಪಾನಿ ಕಲಿಯಲು ಹೊರಟ ಮಕ್ಕಳ ಪಾಲಕರು ಹೊಸೂರಿನಿಂದಲೂ ಸೊಲ್ಲಾಪುರದಿಂದಲೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಚಿತ್ರದಂಥ ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಹೇಗೆ? ಟೈಪ್ ಮಾಡುವುದು ಕಷ್ಟವಲ್ಲ. ಪದವನ್ನು ಸರಿಯಾಗಿ ಕೇಳಿ ನೆನಪಿಡುವುದು ಕಷ್ಟ. ಅಲ್ಲಿ ಕನ್ನಡ ಓದುಬರಹ ಬಲ್ಲವರಿಗೆ ಒಂದು ಅನುಕೂಲವಿದೆ.

ಜಪಾನಿ ಬರಹದಲ್ಲಿ ಮೂರು ಲಿಪಿಗಳು ಬೆರೆತಿರುತ್ತವೆ. ಹಿರಗಾನ, ಕತಕಾನ ಎಂಬೆರಡರಲ್ಲಿ ತಲಾ 46 ಮೂಲ ಅಕ್ಷರಗಳು, ಉಚ್ಚಾರ ಒಂದೇ. ಹೊರಗಿನಿಂದ ಬಂದ ಪದಗಳಿಗೆ ಹೆಚ್ಚಾಗಿ ಕತಕಾನ. ಮೂರನೆಯದು ಚೀನಾದಿಂದ ಬಂದ ಕಾಂಜಿ. 2010ರಲ್ಲಿ ಪರಿಷ್ಕರಿಸಿದ ಸರಕಾರಿ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಕಾನಾ ಅಕ್ಷರಗಳ ಸಾಲು ಅ, ಇ, ಉ, ಎ, ಒ; ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆ ನೆನಪಾದರೆ ಆಶ್ಚರ್ಯವಿಲ್ಲ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯೊಂದಿಗೆ ಕಲಿತ ಸಂಸ್ಕೃತದ ಅಕ್ಷರಕ್ರಮವೇ ಅದಕ್ಕೆ ಮೂಲ. ಪ ಇರಬೇಕಾದ ಜಾಗದಲ್ಲಿ ಹ ಏಕೆ? ಹಳೆಯ ಜಪಾನಿಯಲ್ಲಿ ಅದು ಪ ಆಗಿತ್ತು. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲಾದಂತೆಯೇ!

1915ರಲ್ಲಿ ಸುಗಿಮೊತೊ ಕ್ಯೋತಾ ರೂಪಿಸಿದ ಜಪಾನಿ ಟೈಪ್‌ರೈಟರಿನಲ್ಲಿ ಸುಮಾರು 2400 ಅಚ್ಚುಗಳಿದ್ದವು. ಒಂದೊಂದನ್ನೂ ಹುಡುಕಿ ಒತ್ತಬೇಕು. ಕಚೇರಿಯಲ್ಲಿ ಟೈಪ್‌ರೈಟರ್ ಕುಟ್ಟಿದ ನಮಗೆ ಅದನ್ನು ನೆನೆದರೇ ಬೆರಳು ನೋಯುತ್ತದೆ. 1978ರಲ್ಲಿ ತೋಷಿಬಾ ಕಂಪನಿ ಹೊರತಂದ ಜೆಡಬ್ಲ್ಯೂ-10 ಯಂತ್ರ ಈ ಕಷ್ಟ ಕಳೆಯಿತು. ಉಚ್ಚಾರವನ್ನು ಟೈಪ್ ಮಾಡಿದರೆ ಅದೇ ಕಾಂಜಿಗೆ ಬದಲಿಸುತ್ತಿತ್ತು. ತೂಕ 220 ಕಿಲೊ, ಬೆಲೆ 63 ಲಕ್ಷ ಯೆನ್.

ಇಂದು ಅದೇ ವಿಧಾನ ಎಲ್ಲರ ಕಂಪ್ಯೂಟರಿನಲ್ಲೂ ಉಚಿತ. ವಿಂಡೋಸ್‌ನ ಭಾಷಾ ಸೆಟ್ಟಿಂಗಿನಲ್ಲಿ ಜಪಾನಿ ಸೇರಿಸಿದರೆ ಸಾಕು. ಇಂಗ್ಲಿಷ್ ಕೀಲಿಗಳಲ್ಲಿ ಉಚ್ಚಾರ ಒತ್ತಿದಂತೆ ಹಿರಗಾನ ಮೂಡುತ್ತದೆ. ಸ್ಪೇಸ್ ಒತ್ತಿದರೆ ಕಾಂಜಿಯಾಗುತ್ತದೆ, ಮತ್ತೆ ಒತ್ತಿದರೆ ಬೇರೆ ಆಯ್ಕೆಗಳ ಪಟ್ಟಿ, ಎಂಟರ್ ಒತ್ತಿದರೆ ಖಾಯಂ. ಕನ್ನಡ ಟೈಪಿಂಗಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ. ನಾವು ‘ಕ’ ಒತ್ತಿದರೆ ಕೆಲಸ ಮುಗಿಯಿತು. ಅಲ್ಲಿ ‘ಹಶಿ’ ಎಂದು ಒತ್ತಿದರೆ ಸೇತುವೆ, ಊಟದ ಕಡ್ಡಿ, ಅಂಚು ಮೂರೂ ಬಂದು ನಿಲ್ಲುತ್ತವೆ. ಯಾವುದು ಬೇಕೆಂದು ಒತ್ತುವವರಿಗೆ ಗೊತ್ತಿರಬೇಕು. ಒಂಟಿ ಪದದ ಬದಲು ‘ಸೇತುವೆ ದಾಟು’ ಎಂಬಂತೆ ಇಡೀ ಮಾತನ್ನು ಒತ್ತಿದರೆ ಯಂತ್ರದ ಊಹೆ ಹೆಚ್ಚಾಗಿ ಸರಿಯಿರುತ್ತದೆ.

ಎಡವುವುದು ಹ್ರಸ್ವ, ದೀರ್ಘ, ಒತ್ತಕ್ಷರಗಳಲ್ಲಿ. ‘ಒಬಸನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ‘ಬಿರು’ ಕಟ್ಟಡ, ‘ಬೀರು’ ಬಿಯರ್. ‘ಕಿತ್ತೆ’ ಅಂಚೆ ಚೀಟಿ. ಒತ್ತು ಬೇಕಿದ್ದರೆ ಟಿ ಕೀಲಿಯನ್ನು ಎರಡು ಸಲ ಒತ್ತಬೇಕು. ‘ಕಿನೆನ್’ ಸ್ಮರಣೆ, ‘ಕಿನ್‌ಎನ್’ ಧೂಮಪಾನ ನಿಷೇಧ. ಎರಡನೆಯದರ ನಡುವಿನ ನಕಾರಕ್ಕೆ ಎನ್ ಕೀಲಿ ಎರಡು ಸಲ.

ನಮ್ಮ ಕಚೇರಿಗೆ ಬರುವ ಹುಡುಗಿಯೊಬ್ಬಳ ಮನೆಮಾತು ಕನ್ನಡ, ಶಾಲೆಯಲ್ಲಿ ಕನ್ನಡವಿಲ್ಲ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡು ಅಜ್ಜಿಯನ್ನೂ ಅತ್ತೆಯನ್ನೂ ಒಂದೇ ಮಾಡಿದ್ದಳು. ಮೊಬೈಲಿನಲ್ಲಿ ಹಳ್ಳಿ, ಹಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತೇವಲ್ಲ, ಹಾಗೆ. ಕಾಗುಣಿತ ಕಲಿಸಿದೆವು. ಈಗ ಅವಳ ಪದಪಟ್ಟಿ ಕನ್ನಡದಲ್ಲಿದೆ, ಪಕ್ಕದಲ್ಲಿ ಹಿರಗಾನ. ಜಪಾನಿಗಾಗಿ ಕನ್ನಡ ಬರೆಯಲು ಕಲಿತವರು ನಮ್ಮಲ್ಲಿ ಅವಳೊಬ್ಬಳೇ. ಆದರೆ ಹಿರಗಾನ ಕೈಗೆ ಹತ್ತಿದ ಮೇಲೆ ಕನ್ನಡ ಸಾಲನ್ನು ಬಿಡಬೇಕು. ‘ತ್ಸು’, ‘ಫು’ ಮೊದಲಾದವು ನಮ್ಮ ಲಿಪಿಯಲ್ಲಿ ಪೂರ್ತಿ ಹಿಡಿಯುವುದಿಲ್ಲ.

ವಾಕ್ಯಕ್ರಮ ನಮ್ಮದೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ವಿಭಕ್ತಿ ನಾಮಪದದ ಹಿಂದೆಯೇ ಬರುತ್ತದೆ. ‘ವ’ ಎಂದು ಕೇಳುವ ಪ್ರತ್ಯಯವನ್ನು ಮಾತ್ರ ‘ಹ’ ಎಂದು ಟೈಪ್ ಮಾಡಬೇಕು. ರೊಟ್ಟಿಗೆ ‘ಪಾನ್’ ಎನ್ನುತ್ತಾರೆ. ಗೋವಾದ ಸದಸ್ಯರ ಪಾವ್ ಕೂಡ ಅದೇ ಪೋರ್ಚುಗೀಸ್ ಪದದಿಂದ ಬಂದದ್ದು. ಪುನರಾವರ್ತನೆಗೆ 2006ರಲ್ಲಿ ಬಂದ ಆಂಕಿ ಎಂಬ ತಂತ್ರಾಂಶ ಕಂಪ್ಯೂಟರಿಗೆ ಉಚಿತ. ಆ ಹೆಸರೇ ಕಂಠಪಾಠಕ್ಕಿರುವ ಜಪಾನಿ ಪದ. ದಿನಕ್ಕೆ ಹತ್ತು ಹೊಸ ಪದ ಸಾಕು, ಮೊದಲ ವಾರದ ಉತ್ಸಾಹದಲ್ಲಿ ಐವತ್ತು ಹಾಕಿಕೊಂಡವರು ಮೂರನೆಯ ವಾರ ಕಾಣುವುದಿಲ್ಲ.

ಜೆಎಲ್‌ಪಿಟಿ ಪರೀಕ್ಷೆ ಜುಲೈ, ಡಿಸೆಂಬರುಗಳಲ್ಲಿ ನಡೆಯುತ್ತದೆ. ಎನ್5 ಎಂಬ ಕೆಳಹಂತದಿಂದ ಎನ್1ರವರೆಗೆ ಐದು ಹಂತ. ಬೆಂಗಳೂರು, ಚೆನ್ನೈ, ಪುಣೆಗಳಲ್ಲಿ ಕೇಂದ್ರಗಳಿವೆ. ಉತ್ತರ ಆರಿಸಿ ಗುರುತು ಹಾಕುವುದಷ್ಟೆ, ಬರೆಯುವುದೂ ಟೈಪ್ ಮಾಡುವುದೂ ಇಲ್ಲ. ಅರ್ಜಿಯ ಗಡುವು ತಿಂಗಳುಗಳ ಮೊದಲೇ ಮುಗಿಯುತ್ತದೆ, ಪಾಲಕರು ಗಮನಿಸಬೇಕು. ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಜಪಾನಿ ಕೀಲಿಮಣೆ ಹಾಕಿದ್ದೇವೆ, ಸಂಜೆ ಬಂದು ಅಭ್ಯಾಸ ಮಾಡಬಹುದು.