ಬಾಲ್ಯದಲ್ಲಿ ಕಂಡ ಆ ಪುಟ್ಟ ಕಾರು ಯಾವುದು?

ರಾಮಕೃಷ್ಣಪುರಂನ ಸರ್ಕಾರಿ ವಸತಿಗೃಹಗಳಲ್ಲಿ ಬೆಳೆದ ಕನ್ನಡಿಗರ ಮಕ್ಕಳಿಗೆ ಚಾಣಕ್ಯಪುರಿಯ ರಾಯಭಾರ ಕಚೇರಿಗಳು ಹತ್ತಿರದಲ್ಲೇ ಇದ್ದವು. ಅಲ್ಲಿ ಅಥವಾ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಕಂಡ ಯಾವುದೋ ಒಂದು ತಗ್ಗಾದ, ಮೇಲ್ಛಾವಣಿಯಿಲ್ಲದ ಕಾರು ಅನೇಕರ ನೆನಪಿನಲ್ಲಿ ಉಳಿದಿದೆ. ಅದರ ಹೆಸರು ಬಲ್ಲ ಹಿರಿಯರಾದರೋ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಆದ್ದರಿಂದ ಗುರುತು ಹಿಡಿಯುವ ಕೆಲವು ಲಕ್ಷಣಗಳನ್ನು ಇಲ್ಲಿ ಕೊಡಲಾಗಿದೆ.

ಬಹುತೇಕರು ಮೊದಲು ಹೇಳುವುದು ಬಣ್ಣವನ್ನು. ಅದನ್ನು ನಂಬಬಾರದು; ಕಾರಿಗೆ ಮತ್ತೆ ಮತ್ತೆ ಬಣ್ಣ ಬಳಿಯಲಾಗುತ್ತದೆ. ಚಕ್ರ, ಮಡ್‌ಗಾರ್ಡ್, ಬಾನೆಟ್ ತೆರೆಯುವ ರೀತಿ ಇವು ಹೆಚ್ಚು ವಿಶ್ವಾಸಾರ್ಹ ಸಾಕ್ಷಿಗಳು.

ಉದ್ದನೆಯ ಮಡ್‌ಗಾರ್ಡ್, ಫುಟ್‌ಬೋರ್ಡ್, ಹಿಂಬದಿಗೆ ಬಿಗಿದ ಸ್ಟೆಪ್ನಿ, ಅಷ್ಟಕೋನದ ಲಾಂಛನ ಇವೆಲ್ಲ ನೆನಪಿದ್ದರೆ ಅದು ಬ್ರಿಟನ್ನಿನ ಎಂ.ಜಿ. ಕಾರು. ಚಕ್ರಗಳು ಎತ್ತರವಾಗಿ, ತೆಳ್ಳಗಿನ ಕಡ್ಡಿಗಳಿಂದ ಕೂಡಿದ್ದರೆ 1945ರಿಂದ 1949ರವರೆಗೆ ತಯಾರಾದ ಟಿ.ಸಿ. ಇರಬಹುದು, ಅದರ ಚಕ್ರದ ಅಳತೆ 19 ಅಂಗುಲ. ಅನಂತರ ಬಂದ ಟಿ.ಡಿ.ಯ ಚಕ್ರ 15 ಅಂಗುಲವಷ್ಟೇ. ಫುಟ್‌ಬೋರ್ಡ್ ಇಲ್ಲದೆ ಮೈ ಪೂರ್ತಿ ನಯವಾಗಿ ಬಾಗಿದ್ದರೆ 1955ರಲ್ಲಿ ಬಂದ ಎಂ.ಜಿ.ಎ. ಎಂದು ಊಹಿಸಬಹುದು.

ಆದರೆ ಬಾನೆಟ್ಟು ಮಡ್‌ಗಾರ್ಡ್‌ಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತೇ? ಹಾಗಾದರೆ ಅದು ಹೆಚ್ಚಾಗಿ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು 1961ರಲ್ಲಿ ಇಲ್ಲಿ ಬಂದಿತು. ಆರಂಭದಲ್ಲಿ ಎರಡೇ ಬಾಗಿಲು. ಇದು ಕ್ರೀಡಾ ಕಾರೇ ಅಲ್ಲವೆಂದು ಕೆಲವರಿಗೆ ನಿರಾಸೆಯಾದೀತು. ಸಮಾಧಾನವೆಂದರೆ, ಟ್ರಯಂಫ್ ಸ್ಪಿಟ್‌ಫೈರ್ ಎಂಬ ನಿಜವಾದ ಕ್ರೀಡಾ ಕಾರು ಇದೇ ಮನೆತನದ್ದು, ಇದೇ ಮಿಕೆಲೊಟ್ಟಿಯ ಕೈಕೆಲಸ. ಅಂಬಾಸಿಡರ್, ಫಿಯೆಟ್‌ಗಳ ನಡುವೆ ಹೆರಾಲ್ಡ್ ಮಗುವಿನ ಕಣ್ಣಿಗೆ ರೇಸಿನ ಕಾರಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 1980ರ ದಶಕದ ಮಕ್ಕಳಾದರೆ ಬೆಂಗಳೂರಿನಲ್ಲೇ ತಯಾರಾದ, ಫೈಬರ್ ಮೈಯ, ಎರಡು ಬಾಗಿಲಿನ ಸಿಪಾನಿ ಡಾಲ್ಫಿನ್ ಅನ್ನೂ ಪರಿಗಣಿಸಬೇಕು.

ಹಳೆಯ ಛಾಯಾಚಿತ್ರವಿದ್ದರೆ ನಂಬರ್ ಪ್ಲೇಟನ್ನು ಭೂತಗನ್ನಡಿಯಲ್ಲಿ ನೋಡಿರಿ. 'ಎಂ.ವೈ.'ಯಿಂದ ಆರಂಭವಾದರೆ ನೋಂದಣಿ ಹಳೆಯ ಮೈಸೂರು ರಾಜ್ಯದ್ದು, 'ಸಿ.ಎ.' ಇದ್ದರೆ ಕರ್ನಾಟಕವೆಂಬ ಹೆಸರು ಬಂದ ಮೇಲಿನದು, 'ಕೆ.ಎ.' ಬಂದದ್ದು 1989ರಲ್ಲಿ. 'ಸಿ.ಡಿ.' ಎಂದಿದ್ದರೆ ರಾಯಭಾರಿಗಳ ವಾಹನ. ಆಗ ಯುರೋಪು, ಅಮೆರಿಕದ ಯಾವ ಕಾರೂ ಆಗಿರಬಹುದು, ಹುಡುಕಾಟ ಕಷ್ಟ.

ಚಿತ್ರ ನೋಡಿ ತೀರ್ಮಾನಿಸುವುದಕ್ಕಿಂತ ಕಾರನ್ನೇ ಎದುರಿಗೆ ನೋಡುವುದು ಲೇಸು. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ರ‍್ಯಾಲಿ 1964ರಲ್ಲಿ ಆರಂಭವಾಯಿತು. ಊರಿಗೆ ಹೋದವರು ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವನ್ನು ನೋಡಬಹುದು. ಹೋಗುವಾಗ ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ಹೆಸರು ಮರೆತವರೂ ಬಾಗಿಲಿನ ಹಿಡಿಕೆ ಮುಟ್ಟಿ ಕಾರನ್ನು ಗುರುತಿಸುವುದುಂಟು.